ಹತ್ತು ಚದರದ ಮನೆಗೆ ಎಷ್ಟು ಕಬ್ಬಿಣ?

ಮನೆ ಕಟ್ಟುವ ವಿಷಯವಾಗಿ ಮಾತುಕತೆ ಪ್ರಸಾರವಾದಾಗಲೆಲ್ಲ ವೀಕ್ಷಕರಿಂದ ತಪ್ಪದೆ ಬರುವ ಪ್ರಶ್ನೆಯೊಂದಿದೆ: ‘ಹತ್ತು ಚದರದ ಮನೆಗೆ ಎಷ್ಟು ಕಬ್ಬಿಣ ಬೇಕು?’ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಕಡೆ ಯಾವ ಮೇಸ್ತ್ರಿಯನ್ನು ಕೇಳಿದರೂ ತಲೆ ಎತ್ತದೆಯೇ ಉತ್ತರ ಬರುತ್ತದೆ: ‘ನಾಲ್ಕು ಟನ್ ಇಟ್ಕೊಳ್ಳಿ ಸ್ವಾಮಿ.’ ಒಂದು ಚದರವೆಂದರೆ ನೂರು ಚದರ ಅಡಿ. ಅಲ್ಲಿಗೆ ಚದರ ಅಡಿಗೆ ನಾಲ್ಕು ಕಿಲೋ ಕಂಬಿ ಎಂದಾಯಿತು.

ಈ ಉತ್ತರ ಸುಳ್ಳಲ್ಲ. ಅನೇಕ ಮನೆಗಳನ್ನು ಕಟ್ಟಿದ ಅನುಭವದಿಂದ ಬಂದದ್ದು. ಆದರೆ ಆ ಮೇಸ್ತ್ರಿ ನಿಮ್ಮ ನಿವೇಶನದ ಮಣ್ಣು ಎಂಥದು ಎಂದು ಕೇಳಲಿಲ್ಲ; ಕೋಣೆ ಎಷ್ಟು ಅಗಲ, ಭಾರ ಹೊರುವುದು ಗೋಡೆಯೋ ಪಿಲ್ಲರೋ, ಮುಂದೆ ಮೇಲೊಂದು ಅಂತಸ್ತು ಏರಿಸುವ ಯೋಚನೆ ಇದೆಯೋ ಎಂಬುದನ್ನೂ ಕೇಳಲಿಲ್ಲ. ಇವುಗಳಲ್ಲಿ ಒಂದು ಬದಲಾದರೂ ಲೆಕ್ಕ ಬದಲಾಗುತ್ತದೆ. ಕಬ್ಬಿನ ಹಣ ಕೈಗೆ ಬಂದಾಗ ಪಾಯ, ಭತ್ತ ಮಾರಿದಾಗ ಗೋಡೆ, ಒಡವೆ ಅಡವಿಟ್ಟು ತಾರಸಿ ಎಂದು ಕಂತುಕಂತಾಗಿ ಮನೆ ಕಟ್ಟುವ ನಮ್ಮ ಕುಟುಂಬಗಳಿಗೆ ಅರ್ಧ ಟನ್ನಿನ ವ್ಯತ್ಯಾಸವೂ ದೊಡ್ಡದೇ. ಕಿಲೋಗೆ 60 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ಅದು ಮೂವತ್ತು ಸಾವಿರ ರೂಪಾಯಿ. ಕಂಬಿಯ ದರ ವಾರವಾರವೂ ಏರಿಳಿಯುತ್ತದೆ. ಆದ್ದರಿಂದ ಈ ಲೇಖನದುದ್ದಕ್ಕೂ 60 ರೂಪಾಯಿ ಎಂಬುದು ಉದಾಹರಣೆಗೆ ಮಾತ್ರ. ನಿಮ್ಮೂರಿನ ಅಂಗಡಿಯ ಅಂದಿನ ದರವನ್ನು ಅದರ ಜಾಗದಲ್ಲಿ ಹಾಕಿಕೊಳ್ಳಿ.

ಪರದೆಯ ಮೇಲೆ ಲೆಕ್ಕ ತೋರಿಸುವುದು ಕಷ್ಟದ ಕೆಲಸ. ಅಂಕಿ ಬಂದಷ್ಟೇ ಬೇಗ ಮಾಯವಾಗುತ್ತದೆ. ಬರೆದುಕೊಳ್ಳಲು ಪೆನ್ಸಿಲು ಹುಡುಕುವಷ್ಟರಲ್ಲಿ ಮುಂದಿನ ಕಾರ್ಯಕ್ರಮ ಶುರುವಾಗಿರುತ್ತದೆ. ಹಾಗಾಗಿ ಇಲ್ಲಿ ನಿಧಾನವಾಗಿ ನೋಡೋಣ.

ಕಲ್ಲು ಏನನ್ನು ತಾಳದು?

ಮೊದಲಿಗೆ ಕಾಂಕ್ರೀಟಿನೊಳಗೆ ಕಬ್ಬಿಣ ಯಾಕೆ ಬೇಕು ಎಂಬ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಸುತ್ತಲೇ ಇದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನಕ್ಕೋ ನಾಗಮಂಗಲದ ಸೌಮ್ಯಕೇಶವ ದೇವಸ್ಥಾನಕ್ಕೋ ಹೋದಾಗ ಕೆತ್ತನೆಯನ್ನು ನೋಡಿದ ಮೇಲೆ ಕಂಬಗಳ ನಡುವಿನ ಅಂತರವನ್ನೂ ಗಮನಿಸಿ. ಕಂಬಗಳು ಹತ್ತಿರ ಹತ್ತಿರ ನಿಂತಿವೆ. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಾವೇರಿಗೆ ಕಟ್ಟಿದ ವೆಲ್ಲೆಸ್ಲಿ ಸೇತುವೆಯೂ ಹಾಗೆಯೇ: ಕಲ್ಲಿನ ಕಂಬಗಳು, ಅವುಗಳ ಮೇಲೆ ಕಲ್ಲಿನ ತೊಲೆಗಳು, ನಡುವೆ ಕಿರಿದಾದ ಕಂಡಿಗಳು. ಕುಶಲತೆ ಸಾಲದೆ ಹಾಗೆ ಕಟ್ಟಿದ್ದಲ್ಲ. ಕಲ್ಲಿನ ಗುಣವೇ ಅದು. ಎರಡು ಕಂಬಗಳ ಮೇಲೆ ಒಂದು ತೊಲೆಯನ್ನಿಟ್ಟು ಭಾರ ಹೇರಿದರೆ ತೊಲೆ ನಡುವೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಒತ್ತಿದರೆ ಕಲ್ಲು ಆನೆಯಂತೆ ತಡೆದುಕೊಳ್ಳುತ್ತದೆ. ಎಳೆದರೆ ಬಿರುಕು ಬಿಡುತ್ತದೆ.

ಕನ್ನಂಬಾಡಿ ಕಟ್ಟೆಯನ್ನೇ ನೋಡಿ. 1911ರಲ್ಲಿ ಕೆಲಸ ಶುರುವಾದ ಈ ಅಣೆಕಟ್ಟೆಯ ಎತ್ತರ ಸುಮಾರು 130 ಅಡಿ, ಉದ್ದ ಸುಮಾರು 8,600 ಅಡಿ. ಕಲ್ಲನ್ನು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕೂರಿಸಿ ಕಟ್ಟಿದ್ದು. ಅದು ನಿಂತಿರುವುದು ಸ್ವಂತ ತೂಕದ ಬಲದಿಂದ. ಅದರ ಆಕಾರವನ್ನು ಲೆಕ್ಕ ಹಾಕಿರುವುದೇ ಒಡಲಿನೊಳಗೆ ಎಳೆತ ಹುಟ್ಟದ ಹಾಗೆ. ಹೀಗಾಗಿ ಅಂಥ ದೊಡ್ಡ ಕಟ್ಟಡ ಕಂಬಿ ಬೇಡವೆಂದು ಹೇಳಿತು. ನಮ್ಮ ಹನ್ನೆರಡು ಅಡಿಯ ಕೋಣೆಯ ತಾರಸಿ ಬೇಕೇಬೇಕು ಎನ್ನುತ್ತದೆ.

ಕಾಂಕ್ರೀಟೂ ಒಂದು ಬಗೆಯ ಕಲ್ಲೇ. ಅದರ ಎಳೆತದ ಶಕ್ತಿ ಒತ್ತಡ ತಾಳುವ ಶಕ್ತಿಯ ಹತ್ತನೆಯ ಒಂದು ಭಾಗದಷ್ಟಿರುತ್ತದೆ. ಎಳೆತ ಬರುವ ಕಡೆ ಕಬ್ಬಿಣವನ್ನು ಇಟ್ಟರೆ ಆ ಕೊರತೆ ತುಂಬುತ್ತದೆ. ಅದೃಷ್ಟಕ್ಕೆ ಬಿಸಿಲಿಗೆ ಕಬ್ಬಿಣ ಹಿಗ್ಗುವ ಪ್ರಮಾಣವೂ ಕಾಂಕ್ರೀಟು ಹಿಗ್ಗುವ ಪ್ರಮಾಣವೂ ಹೆಚ್ಚುಕಡಿಮೆ ಒಂದೇ. ಇಲ್ಲದಿದ್ದರೆ ಬೇಸಿಗೆ ಬಂದಾಗಲೆಲ್ಲ ಎರಡೂ ಒಂದರಿಂದೊಂದು ಬಿಟ್ಟುಕೊಳ್ಳುತ್ತಿದ್ದವು. ಎಲ್ಲಿ ಎಳೆತವೋ ಅಲ್ಲಿ ಕಂಬಿ ಎಂಬ ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಸಜ್ಜಾದ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

162 ಎಂಬ ಸಂಖ್ಯೆ

ಕಂಬಿಯನ್ನು ನಾವು ಅಳೆಯುವುದು ಉದ್ದದಲ್ಲಿ, ಕೊಳ್ಳುವುದು ತೂಕದಲ್ಲಿ. ಉದ್ದದಿಂದ ತೂಕಕ್ಕೆ ಹೋಗಲು ಒಂದು ಸುಲಭ ಸೂತ್ರವಿದೆ. ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರ್ ಉದ್ದದ ತೂಕ ಕಿಲೋಗಳಲ್ಲಿ ಸಿಗುತ್ತದೆ. ಇದರಲ್ಲಿ ಮಂತ್ರವೇನೂ ಇಲ್ಲ. ಒಂದು ಘನ ಮೀಟರ್ ಉಕ್ಕು 7,850 ಕಿಲೋ ತೂಗುತ್ತದೆ. ದುಂಡನೆಯ ಕಂಬಿಯ ಅಡ್ಡ ಕೊಯ್ತದ ವಿಸ್ತೀರ್ಣವನ್ನು ಅದರಿಂದ ಗುಣಿಸಿ ಸಂಕ್ಷೇಪಿಸಿದಾಗ ಉಳಿಯುವುದೇ ಈ 162. ಅಡಿ ಲೆಕ್ಕದವರು 162ರ ಬದಲು 533ರಿಂದ ಭಾಗಿಸಿದರೆ ಒಂದು ಅಡಿಯ ತೂಕ ಬರುತ್ತದೆ.

ಹೀಗೆ ಮಾಡಿದರೆ ಮೀಟರಿಗೆ 8 ಮಿಲಿಮೀಟರ್ ಕಂಬಿ 0.395 ಕಿಲೋ, 10ರದ್ದು 0.617, 12ರದ್ದು 0.888, 16ರದ್ದು 1.58 ಕಿಲೋ ಬರುತ್ತದೆ. ಅಂಗಡಿಯಲ್ಲಿ ಕಂಬಿ ಸಾಮಾನ್ಯವಾಗಿ 12 ಮೀಟರ್ ಉದ್ದ, ಅಂದರೆ ಸುಮಾರು 40 ಅಡಿ. ಆದ್ದರಿಂದ ಒಂದು ಪೂರ್ತಿ ಕಂಬಿ 8ರದ್ದಾದರೆ 4.74 ಕಿಲೋ, 10ರದ್ದಾದರೆ 7.4 ಕಿಲೋ, 12ರದ್ದಾದರೆ 10.66 ಕಿಲೋ. ದಪ್ಪ ಎರಡರಷ್ಟಾದರೆ ತೂಕ ನಾಲ್ಕರಷ್ಟಾಗುತ್ತದೆ ಎಂಬುದನ್ನು ಗಮನಿಸಿ. ‘8ರ ಬದಲು 10 ಹಾಕಿಬಿಡೋಣ, ಎರಡೇ ಮಿಲಿಮೀಟರ್ ತಾನೇ’ ಎಂದವರು ಬಿಲ್ಲಿನಲ್ಲಿ ಶೇಕಡ 56ರಷ್ಟು ಹೆಚ್ಚು ಕೊಡುತ್ತಾರೆ.

ಒಂದು ಕೋಣೆಯ ತಾರಸಿ

ಈಗ ಒಂದು ಕೋಣೆಯನ್ನು ತೆಗೆದುಕೊಳ್ಳೋಣ. ಒಳಗೆ 12 ಅಡಿಗೆ 15 ಅಡಿ, ಸುತ್ತ 9 ಅಂಗುಲದ ಗೋಡೆ. ಗೋಡೆಯ ಹೊರ ಅಂಚಿನವರೆಗೆ ತಾರಸಿಯ ಅಳತೆ ಸುಮಾರು 4.1 ಮೀಟರ್ ಮತ್ತು 5 ಮೀಟರ್. ದಪ್ಪ 5 ಅಂಗುಲ. ಇಂಜಿನಿಯರರ ನಕ್ಷೆಯಲ್ಲಿ ಕಿರಿ ಅಗಲಕ್ಕೆ 10 ಮಿಲಿಮೀಟರ್ ಕಂಬಿ 15 ಸೆಂಟಿಮೀಟರಿಗೊಂದು, ಉದ್ದಕ್ಕೆ 8 ಮಿಲಿಮೀಟರ್ ಕಂಬಿ 15 ಸೆಂಟಿಮೀಟರಿಗೊಂದು ಎಂದಿದೆ ಎಂದುಕೊಳ್ಳಿ. ಇದು ಲೆಕ್ಕ ಕಲಿಯಲು ಕೊಟ್ಟ ಉದಾಹರಣೆ. ನಿಮ್ಮ ತಾರಸಿಗೆ ನಿಮ್ಮ ನಕ್ಷೆಯೇ ಆಧಾರ.

ಕಂಬಿಯ ತುದಿ ಗಾಳಿಗೆ ಕಾಣದಂತೆ ಎರಡೂ ಕಡೆ 2 ಸೆಂಟಿಮೀಟರ್ ಬಿಡಬೇಕು. ಆಗ 10ರ ಕಂಬಿಯ ಉದ್ದ 4.06 ಮೀಟರ್. ಎಷ್ಟು ಬೇಕು? 4.96 ಮೀಟರನ್ನು 0.15ರಿಂದ ಭಾಗಿಸಿದರೆ 33 ಸಂದು. ಸಂದು 33 ಆದರೆ ಕಂಬಿ 34. ಬೇಲಿಗೆ ಗೂಟ ನೆಟ್ಟವರಿಗೆ ಈ ‘ಒಂದು ಹೆಚ್ಚು’ ಯಾಕೆಂದು ಹೇಳಬೇಕಾಗಿಲ್ಲ. 34ನ್ನು 4.06ರಿಂದ ಗುಣಿಸಿದರೆ 138 ಮೀಟರ್, ತೂಕ 85 ಕಿಲೋ. ಇದೇ ರೀತಿ 8ರ ಕಂಬಿ 28 ಬೇಕು, ಒಂದೊಂದು 4.96 ಮೀಟರ್, ಒಟ್ಟು 139 ಮೀಟರ್, 55 ಕಿಲೋ. ಗೋಡೆಯ ಬಳಿ ಕಂಬಿಯನ್ನು ಮೇಲಕ್ಕೆ ಬಗ್ಗಿಸುತ್ತಾರಲ್ಲ, ಅದಕ್ಕೆ ಪ್ರತಿ ಬಾಗಿಗೆ ಸುಮಾರು 3 ಸೆಂಟಿಮೀಟರ್ ಹೆಚ್ಚು. ಎಲ್ಲ ಸೇರಿ ಒಂದು ಕಿಲೋ. ಹಾಗೆ ಬಗ್ಗಿಸಿ ಮೇಲೆತ್ತಿದ ಕಂಬಿಗಳನ್ನು ಹಿಡಿದಿಡಲು ನಾಲ್ಕೂ ಅಂಚಿನಲ್ಲಿ ನಾಲ್ಕು ನಾಲ್ಕು 8ರ ಕಂಬಿ ಹಾಕಿದರೆ 72 ಮೀಟರ್, ಸುಮಾರು 29 ಕಿಲೋ. ಅಂದಾಜು ಪಟ್ಟಿಗಳಲ್ಲಿ ಬಿಟ್ಟುಹೋಗುವುದು ಸಾಮಾನ್ಯವಾಗಿ ಈ ಕೊನೆಯ ಬಾಬತ್ತೇ.

ಒಟ್ಟು 170 ಕಿಲೋ. ತಾರಸಿಯ ವಿಸ್ತೀರ್ಣ 220 ಚದರ ಅಡಿ. ಎಂದರೆ ಚದರಕ್ಕೆ 77 ಕಿಲೋ. ಕಾಂಕ್ರೀಟಿನ ಲೆಕ್ಕದಲ್ಲಿ ಘನ ಮೀಟರಿಗೆ 66 ಕಿಲೋ. ನೀವು ಲೆಕ್ಕ ಹಾಕಿದ್ದು ಸರಿಯೋ ಎಂದು ತಾಳೆ ನೋಡಲು ಈ ಕೊನೆಯ ಸಂಖ್ಯೆ ಉಪಯುಕ್ತ. ಸಾಧಾರಣ ಮನೆಯ ತಾರಸಿಗೆ ಘನ ಮೀಟರಿಗೆ 60ರಿಂದ 80 ಕಿಲೋ ಬಂದರೆ ಆಶ್ಚರ್ಯವಿಲ್ಲ. ಬೀಮಿಗೆ ಮತ್ತು ಪಿಲ್ಲರಿಗೆ 100ರ ಮೇಲೆ ಹೋಗುತ್ತದೆ. ತಾರಸಿಗೇ 150 ಬಂದಿದ್ದರೆ ಅಥವಾ 25 ಬಂದಿದ್ದರೆ ಎಲ್ಲೋ ಸಂಖ್ಯೆ ಜಾರಿದೆ.

ನಾಲ್ಕು ಅಂಗುಲದ ಬೆಲೆ

ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಸ್ವಾರಸ್ಯವಿರುವುದು ಮುಂದೆ. ಬಾಗು ಸೇರಿ 10ರ ಕಂಬಿಯ ಒಂದು ತುಂಡು 4.09 ಮೀಟರ್ ಆಯಿತು. 12 ಮೀಟರಿನ ಕಂಬಿಯಲ್ಲಿ ಇಂಥ ತುಂಡು ಎಷ್ಟು ಸಿಗುತ್ತದೆ? ಮೂರು ಬೇಕಾದರೆ 12.27 ಮೀಟರ್ ಆಗಬೇಕು, ಇರುವುದು 12. ಆದ್ದರಿಂದ ಎರಡೇ. 34 ತುಂಡಿಗೆ 17 ಕಂಬಿ ತರಬೇಕು, ಅದು 126 ಕಿಲೋ. ಪ್ರತಿ ಕಂಬಿಯಲ್ಲೂ 3.8 ಮೀಟರ್ ಮಿಕ್ಕಿ ಮೂಲೆಗೆ ಬೀಳುತ್ತದೆ.

ಇನ್ನು ಕೋಣೆಯ ಅಗಲವನ್ನು ನಾಲ್ಕೇ ಅಂಗುಲ ಕಡಿಮೆ ಮಾಡಿ. ತಾರಸಿ 4 ಮೀಟರ್ ಆಗುತ್ತದೆ, ತುಂಡು ಬಾಗು ಸೇರಿಯೂ 3.99 ಮೀಟರ್. ಒಂದು ಕಂಬಿಗೆ ಸರಿಯಾಗಿ ಮೂರು. 34 ತುಂಡಿಗೆ 12 ಕಂಬಿ ಸಾಕು, ಅದು 89 ಕಿಲೋ. ಒಂದೇ ಕೋಣೆಯಲ್ಲಿ 37 ಕಿಲೋ, 60ರ ದರದಲ್ಲಿ 2,200 ರೂಪಾಯಿ ಉಳಿಯಿತು. ಬಲದಲ್ಲಿ ಒಂದಿಷ್ಟೂ ಕಡಿಮೆಯಾಗಲಿಲ್ಲ. ಕೋಣೆಯಲ್ಲಿ ಮಂಚ ಹಾಕುವವರಿಗೆ ನಾಲ್ಕು ಅಂಗುಲ ಗೊತ್ತೂ ಆಗುವುದಿಲ್ಲ.

ಮಿಕ್ಕ 3.8 ಮೀಟರಿನ ತುಂಡುಗಳು ಎಲ್ಲವೂ ವ್ಯರ್ಥವೆಂದಲ್ಲ. ಲಿಂಟಲಿಗೆ, ಸಜ್ಜಾಕ್ಕೆ, ಮೆಟ್ಟಿಲಿಗೆ ಬರುತ್ತವೆ. ಆದರೆ ಅದನ್ನು ಮೊದಲೇ ಯೋಚಿಸಿ ಬರೆದಿಟ್ಟಿದ್ದರೆ ಮಾತ್ರ. ಕಟಿಂಗ್ ದಿನ ಕಂಬಿ ಕೆಲಸದವರು ಹೊಸ ಕಂಬಿಯನ್ನೇ ಎಳೆದುಕೊಳ್ಳುತ್ತಾರೆ. ತುಂಡನ್ನು ಹುಡುಕಿ ಅಳೆಯುತ್ತ ಕೂತರೆ ಅವರ ಕೂಲಿ ಗಿಟ್ಟುವುದಿಲ್ಲ. ಆದ್ದರಿಂದ ಯಾವ ದಪ್ಪದ ಕಂಬಿ, ಎಲ್ಲಿಗೆ, ಎಂಥ ಆಕಾರ, ಎಷ್ಟು ಉದ್ದ, ಎಷ್ಟು ಸಂಖ್ಯೆ ಎಂದು ಒಂದೊಂದು ಸಾಲಿನಲ್ಲಿ ಬರೆದ ಪಟ್ಟಿ ಬೇಕು. ಇಂಜಿನಿಯರುಗಳು ಇದನ್ನು ಬಾರ್ ಬೆಂಡಿಂಗ್ ಶೆಡ್ಯೂಲ್ ಎನ್ನುತ್ತಾರೆ. ಕಂಬಿ ಪಟ್ಟಿ ಎಂದರೆ ಸಾಕು. ಕಂಬಿ ಬಗ್ಗಿಸುವ, ಕಟ್ಟುವ ವಿಧಾನಕ್ಕೆ ಐ.ಎಸ್. 2502 ಎಂಬ ಭಾರತೀಯ ಮಾನಕವೇ ಇದೆ. ನಕ್ಷೆಗೆ ಹಣ ಕೊಡುವಾಗಲೇ ಈ ಪಟ್ಟಿಯನ್ನೂ ಕೇಳಿ ಪಡೆಯಿರಿ. ಮನೆಯಲ್ಲಿ ಪಿ.ಯು.ಸಿ. ಓದುವ ಮಕ್ಕಳಿದ್ದರೆ ಅವರೇ ಕೂತು ತಾಳೆ ನೋಡಬಹುದು. ಗುಣಾಕಾರ, ಭಾಗಾಕಾರ ಬಿಟ್ಟರೆ ಇದರಲ್ಲಿ ಬೇರೆ ಗಣಿತವಿಲ್ಲ.

ಮಣ್ಣು ಕೇಳುವ ಕಬ್ಬಿಣ

ಚದರದ ಲೆಕ್ಕಕ್ಕೆ ಕಾಣದೆ ಉಳಿಯುವ ಮುಖ್ಯ ಸಂಗತಿ ಮಣ್ಣು. ನಾಗಮಂಗಲದ ಕಡೆಯ ಗಟ್ಟಿ ಗರಸು ಮಣ್ಣಿನಲ್ಲಿ ಪಾಯ ತೆಗೆಯುವವರ ಕಷ್ಟ ಗುದ್ದಲಿಗೆ ಗೊತ್ತು. ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ಬಯಲಿನಲ್ಲಿ, ಹಿಂದೆ ಗದ್ದೆಯಾಗಿದ್ದ ಜಾಗದಲ್ಲಿ, ಎರಡು ಅಡಿ ಅಗೆದರೆ ಜೌಗು ಕಾಣಿಸಬಹುದು. ಒಂದೇ ನಕ್ಷೆಯ ಮನೆಯನ್ನು ಎರಡೂ ಕಡೆ ಕಟ್ಟಿದರೆ ಏನಾಗುತ್ತದೆ?

ಒಂದು ಪಿಲ್ಲರಿನ ಮೇಲೆ, ಅದರ ಪಾದದ ತೂಕವೂ ಸೇರಿ, 22 ಟನ್ ಭಾರ ಎಂದುಕೊಳ್ಳಿ. ಚದರ ಮೀಟರಿಗೆ 20 ಟನ್ ತಾಳುವ ಗಟ್ಟಿ ನೆಲದಲ್ಲಿ 1.1 ಮೀಟರ್ ಚೌಕದ ಪಾದ ಸಾಕು. 10 ಮಿಲಿಮೀಟರ್ ಕಂಬಿಯ ಚಾಪೆ ಹೆಣೆದರೆ ಒಂದಕ್ಕೆ ಸುಮಾರು 10 ಕಿಲೋ. 10 ಟನ್ ಮಾತ್ರ ತಾಳುವ ಮೆದು ನೆಲದಲ್ಲಿ 1.5 ಮೀಟರ್ ಚೌಕ ಬೇಕು. ಪಾದ ಅಗಲವಾದಷ್ಟೂ ಅದರ ಅಂಚು ಹೆಚ್ಚು ಬಾಗುತ್ತದೆ. ಹಾಗಾಗಿ ಕಂಬಿಯ ದಪ್ಪವೂ 12ಕ್ಕೆ ಏರಿತೆನ್ನಿ. ಆಗ ಒಂದಕ್ಕೆ 27 ಕಿಲೋ. ಹನ್ನೆರಡು ಪಿಲ್ಲರಿನ ಮನೆಯಾದರೆ ಒಂದು ಕಡೆ 118 ಕಿಲೋ, ಇನ್ನೊಂದು ಕಡೆ 328 ಕಿಲೋ. ನೆಲದಿಂದ ಮೇಲೆ ಎರಡೂ ಮನೆ ಒಂದೇ. ಕಣ್ಣಿಗೆ ಕಾಣದ ಪಾಯದಲ್ಲೇ 210 ಕಿಲೋ, ಹನ್ನೆರಡು ಸಾವಿರ ರೂಪಾಯಿಗೂ ಹೆಚ್ಚಿನ ವ್ಯತ್ಯಾಸ. ಮಣ್ಣು ನೋಡದೆ ಹೇಳಿದ ಅಂದಾಜಿನಲ್ಲಿ ಇದು ಬರುವುದೇ ಇಲ್ಲ. ಹಾಗೆ ಬರದಿದ್ದಾಗ ಪಾಯದಲ್ಲೇ ಹಣ ತೀರಿ ತಾರಸಿ ಮುಂದಿನ ಸುಗ್ಗಿಗೆ ಕಾಯುತ್ತದೆ.

ಇದರ ಜತೆಗೆ ಇನ್ನೊಂದು ಮಾತು. ಸೈಜುಗಲ್ಲಿನ ಅಥವಾ ಒಳ್ಳೆಯ ಇಟ್ಟಿಗೆಯ ಗೋಡೆಯೇ ಭಾರ ಹೊರುವಂತೆ ಕಟ್ಟಿದ ಒಂದು ಅಂತಸ್ತಿನ ಮನೆಗೆ ಪಾದವೂ ಬೇಡ, ಪಿಲ್ಲರೂ ಬೇಡ. ಕಬ್ಬಿಣ ಬಹಳ ಕಡಿಮೆ ಹಿಡಿಯುತ್ತದೆ. ಈಗ ಹಳ್ಳಿಗಳಲ್ಲೂ ಪಿಲ್ಲರ್ ಇಲ್ಲದ ಮನೆ ಮನೆಯೇ ಅಲ್ಲ ಎಂಬ ಭಾವನೆ ಬೆಳೆದಿದೆ. ನೆಲ ಗಟ್ಟಿಯಾಗಿದ್ದು, ಮೇಲೆ ಅಂತಸ್ತು ಏರಿಸುವ ಯೋಚನೆ ಇಲ್ಲದಿದ್ದರೆ ‘ನನಗೆ ಪಿಲ್ಲರ್ ಬೇಕೇ?’ ಎಂದು ಇಂಜಿನಿಯರರನ್ನು ಕೇಳಲು ಸಂಕೋಚ ಬೇಡ. ಮೆದು ನೆಲದವರು ಈ ಸಲಹೆಯನ್ನು ತಾವಾಗಿಯೇ ಅನ್ವಯಿಸಿಕೊಳ್ಳಬಾರದು.

ರಿಂಗಿನಲ್ಲಿ ಉಳಿಸುವ ಹಣ

ಪಿಲ್ಲರ್ ಇದ್ದೇ ಇದೆ ಎನ್ನುವುದಾದರೆ ಅದರ ಲೆಕ್ಕವನ್ನೂ ನೋಡಬೇಕು. 9 ಅಂಗುಲ ಚೌಕದ ಪಿಲ್ಲರಿಗೆ 12 ಮಿಲಿಮೀಟರಿನ ನಾಲ್ಕು ಕಂಬಿ ಎಂಬುದು ನಮ್ಮ ಕಡೆ ರೂಢಿಯಲ್ಲಿರುವ ಮಾತು. ಕಾಂಕ್ರೀಟು ಕೆಲಸದ ಮಾನಕವಾದ ಐ.ಎಸ್. 456ರ ಪ್ರಕಾರ ಪಿಲ್ಲರಿನ ಅಡ್ಡ ಕೊಯ್ತದಲ್ಲಿ ಕನಿಷ್ಠ ಶೇಕಡ 0.8ರಷ್ಟು ಉಕ್ಕು ಇರಬೇಕು. 230 ಮಿಲಿಮೀಟರ್ ಚೌಕಕ್ಕೆ ಅದು 423 ಚದರ ಮಿಲಿಮೀಟರ್. ನಾಲ್ಕು 12ರ ಕಂಬಿ ಸೇರಿ 452. ಎಂದರೆ ಈ ರೂಢಿ ಕನಿಷ್ಠದ ಗೆರೆಯನ್ನು ಈಗಷ್ಟೇ ದಾಟಿದೆ. ಅದಕ್ಕಿಂತ ಇಳಿಯಲು ಜಾಗವಿಲ್ಲ.

ಮೂರು ಮೀಟರ್ ಎತ್ತರಕ್ಕೆ, ಮೇಲಿನ ಕಂಬಿಯ ಜತೆ ಜೋಡಿಸಲು ದಪ್ಪದ ಐವತ್ತರಷ್ಟು, ಎಂದರೆ 60 ಸೆಂಟಿಮೀಟರ್ ಸೇರಿಸಿ, ನಾಲ್ಕು ಕಂಬಿಗೆ 12.8 ಕಿಲೋ. 8 ಮಿಲಿಮೀಟರಿನ ರಿಂಗ್ 15 ಸೆಂಟಿಮೀಟರಿಗೊಂದರಂತೆ 21. ಒಂದೊಂದಕ್ಕೆ ಸುಮಾರು 75 ಸೆಂಟಿಮೀಟರ್ ಹಿಡಿದರೆ 6.2 ಕಿಲೋ. ಒಟ್ಟು 19 ಕಿಲೋದಲ್ಲಿ ಮೂರನೆಯ ಒಂದು ಭಾಗ ರಿಂಗೇ. ಉಳಿತಾಯದ ಕಣ್ಣು ಬೀಳುವುದೂ ಇಲ್ಲಿಗೇ. ‘ರಿಂಗನ್ನು ಸ್ವಲ್ಪ ದೂರ ಕಟ್ಟೋಣ’ ಎಂಬ ಮಾತನ್ನು ಕೇಳದ ಮನೆಯವರು ಕಡಿಮೆ.

ರಿಂಗಿನ ಕೆಲಸ ಕಂಬಿಗಳನ್ನು ಕಟ್ಟಿ ನಿಲ್ಲಿಸುವುದಷ್ಟೇ ಅಲ್ಲ. ಮೇಲಿನಿಂದ ಭಾರ ಬಿದ್ದಾಗ ತೆಳ್ಳಗಿನ ಕಂಬಿ ಹೊರಕ್ಕೆ ಬಾಗಿ ಸಿಡಿಯಲು ನೋಡುತ್ತದೆ, ಅದನ್ನು ರಿಂಗ್ ತಡೆಯುತ್ತದೆ. ಒಳಗಿನ ಕಾಂಕ್ರೀಟನ್ನು ಡೊಳ್ಳಿನ ಬಿಗಿಯಂತೆ ಅಪ್ಪಿ ಹಿಡಿಯುತ್ತದೆ. ಅದಕ್ಕೇ ರಿಂಗುಗಳ ನಡುವಿನ ಅಂತರ ಪಿಲ್ಲರಿನ ಕಿರಿ ಅಗಲವನ್ನೂ, ಕಂಬಿಯ ದಪ್ಪದ ಹದಿನಾರರಷ್ಟನ್ನೂ, 30 ಸೆಂಟಿಮೀಟರನ್ನೂ ಮೀರಬಾರದೆಂದು ನಿಯಮ. 12ರ ಕಂಬಿಗೆ ಹದಿನಾರರಷ್ಟು ಎಂದರೆ 19 ಸೆಂಟಿಮೀಟರ್. 25 ಸೆಂಟಿಮೀಟರಿಗೊಂದು ರಿಂಗ್ ಕಟ್ಟಿದರೆ ನಿಯಮ ಮುರಿಯಿತು. ಉಳಿದದ್ದೆಷ್ಟು? ಪಿಲ್ಲರಿಗೆ 2.35 ಕಿಲೋ, ಹನ್ನೆರಡು ಪಿಲ್ಲರಿಗೆ 28 ಕಿಲೋ, ರೂಪಾಯಿಯಲ್ಲಿ ಸುಮಾರು 1,700. ಕೋಣೆಯ ಅಗಲವನ್ನು ನಾಲ್ಕು ಅಂಗುಲ ತಗ್ಗಿಸಿದಾಗ ಇದಕ್ಕಿಂತ ಹೆಚ್ಚು ಉಳಿದಿತ್ತು!

ತೂಕ ಸರಿ, ಜಾಗ ತಪ್ಪು

ಲೆಕ್ಕದ ಕಾಗದ ಹೇಳದ ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಕಂಬಿ ಪಟ್ಟಿ ಸರಿಯಿದ್ದು, ಕಿಲೋ ಸರಿಯಿದ್ದು, ಹಣವೂ ಸರಿಯಾಗಿ ಕೊಟ್ಟಿದ್ದರೂ ಸಜ್ಜಾ ಬೀಳಬಹುದು. ಎರಡು ಗೋಡೆಯ ಮೇಲೆ ಕೂತ ತಾರಸಿ ನಡುವೆ ಕೆಳಕ್ಕೆ ಜೋಲುತ್ತದೆ, ಎಳೆತ ಕೆಳಗೆ. ಸಜ್ಜಾ ಮತ್ತು ಬಾಲ್ಕನಿ ಒಂದೇ ಕಡೆ ಹಿಡಿತ ಇರುವವು. ಚಾಚಿದ ಕೈಯಂತೆ ತುದಿ ಕೆಳಕ್ಕೆ ಬಾಗುತ್ತದೆ, ಎಳೆತ ಮೇಲ್ಮೈಯಲ್ಲಿ ಹುಟ್ಟುತ್ತದೆ. ಆದ್ದರಿಂದ ಅಲ್ಲಿ ಮುಖ್ಯ ಕಂಬಿ ಮೇಲೆ ಇರಬೇಕು. ತಾರಸಿಯ ಅಭ್ಯಾಸದಿಂದ ಕೆಳಗೆ ಹಾಕಿದರೆ ಸೆಂಟ್ರಿಂಗ್ ಬಿಚ್ಚುವ ದಿನವೇ ಅಪಾಯ. ಕೆಳಗೆ ನಿಂತು ಹಲಗೆ ಎಳೆಯುವವರು ಕೂಲಿಯವರು.

ಮೇಲೆಯೇ ಕಟ್ಟಿದ್ದರೂ ಕಾಂಕ್ರೀಟು ಸುರಿಯುವಾಗ ಅದರ ಮೇಲೆ ಕಾಲಿಟ್ಟು ಓಡಾಡಿದರೆ ಕಂಬಿ ಕುಸಿಯುತ್ತದೆ. 10 ಸೆಂಟಿಮೀಟರ್ ದಪ್ಪದ ಸಜ್ಜಾದಲ್ಲಿ ಕಂಬಿ ಅಡಿಯಿಂದ 7.5 ಸೆಂಟಿಮೀಟರ್ ಎತ್ತರದಲ್ಲಿರಬೇಕಾದದ್ದು 5ಕ್ಕೆ ಇಳಿದರೆ ಬಲ ಮೂರನೆಯ ಒಂದು ಭಾಗ ಹೋಯಿತು. ಹಾಗಾಗದಂತೆ ಕಂಬಿಯ ಕೆಳಗೆ ಚೇರ್ ಎಂದು ಕರೆಯುವ ಬಗ್ಗಿಸಿದ ಕಂಬಿ ತುಂಡುಗಳನ್ನು ಇಡಬೇಕು; ಮಿಕ್ಕ ತುಂಡುಗಳಿಗೆ ಇದೂ ಒಂದು ಉಪಯೋಗ. ತಾರಸಿಯ ಕೆಳಗಂಬಿಗೆ ಕವರ್ ಬ್ಲಾಕ್ ಬೇಕು. ಜಲ್ಲಿ ಚೂರನ್ನು ಇಟ್ಟರೆ ಅದು ಉರುಳಿ ಹೋಗಿ ಕಂಬಿ ಹಲಗೆಗೆ ತಾಕುತ್ತದೆ. ಕೆಲವು ವರ್ಷಗಳಲ್ಲಿ ತುಕ್ಕು ಹಿಗ್ಗಿ ಸೂರಿನ ಗಾರೆ ಉದುರುತ್ತದೆ. ತಾರಸಿಗೆ 2, ಪಿಲ್ಲರಿಗೆ 4, ಪಾದಕ್ಕೆ 5 ಸೆಂಟಿಮೀಟರ್ ಎಂಬುದು ಸಾಮಾನ್ಯ ಪರಿಸರದಲ್ಲಿ ಅನುಸರಿಸುವ ಅಳತೆ.

ಅಂಗಡಿಯ ಮುಂದೆ

ಕಂಬಿಯನ್ನು ಸಂಖ್ಯೆಯಲ್ಲಿ ಎಣಿಸಿ ತರಬೇಕೋ ತೂಗಿ ತರಬೇಕೋ? ಎರಡನ್ನೂ ಮಾಡಬೇಕು. ಕಂಬಿಯ ಮಾನಕವಾದ ಐ.ಎಸ್. 1786 ತೂಕದಲ್ಲಿ ಕೊಂಚ ಹೆಚ್ಚುಕಡಿಮೆಯನ್ನು ಒಪ್ಪುತ್ತದೆ: 10 ಮಿಲಿಮೀಟರಿನವರೆಗೆ ಶೇಕಡ 7, ಅಲ್ಲಿಂದ 16ರವರೆಗೆ ಶೇಕಡ 5, ಅದಕ್ಕೂ ದಪ್ಪದ್ದಕ್ಕೆ ಶೇಕಡ 3. 10ರ ನೂರು ಕಂಬಿ ಸೂತ್ರದ ಪ್ರಕಾರ 740 ಕಿಲೋ ಇರಬೇಕು. 688 ಇದ್ದರೂ ನಿಯಮದ ಒಳಗೇ ಇದೆ. ನೂರು ಕಂಬಿ ಎಣಿಸಿ 740 ಕಿಲೋಗೆ ಬಿಲ್ ಮಾಡಿದರೆ ಇಲ್ಲದ 52 ಕಿಲೋಗೆ ಮೂರು ಸಾವಿರ ರೂಪಾಯಿ ಕೊಟ್ಟಂತೆ. ಬರೀ ತೂಗಿ ತಂದರೆ ಇನ್ನೊಂದು ತೊಡಕು: ಕಂಬಿ ತೂಕದ್ದಾಗಿದ್ದರೆ ಸಂಖ್ಯೆ ಕಡಿಮೆ ಬಂದು ಕೊನೆಯ ದಿನ ನಾಲ್ಕು ಕಂಬಿಗೆ ಪರದಾಡಬೇಕು. ಆದ್ದರಿಂದ ಬೇಡಿಕೆ ಸಂಖ್ಯೆಯಲ್ಲಿ ಕೊಡಿ, ಹಣ ತೂಕಕ್ಕೆ ಕೊಡಿ, ಗಾಡಿಯನ್ನು ಖಾಲಿಯಾಗಿಯೂ ತುಂಬಿಯೂ ವೇ ಬ್ರಿಡ್ಜಿನಲ್ಲಿ ನಿಲ್ಲಿಸಿ. ಅನುಮಾನವಿದ್ದರೆ ಒಂದು ಮೀಟರ್ ತುಂಡನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿ. 10ರ ಕಂಬಿ 617 ಗ್ರಾಂ ಇರಬೇಕು, 570ಕ್ಕಿಂತ ಕೆಳಗೆ ಹೋದರೆ ಒಪ್ಪಬೇಡಿ.

ಹಿಂದೆ ಮನೆಗಳಿಗೆ ತಣ್ಣಗಿರುವಾಗಲೇ ತಿರುಚಿದ ಟಾರ್ ಕಂಬಿ ಬರುತ್ತಿತ್ತು. ಈಗ ಬರುವುದು ಟಿ.ಎಂ.ಟಿ. ಕೆಂಪಗೆ ಕಾದ ಕಂಬಿಯ ಮೇಲೆ ರಭಸದಿಂದ ನೀರು ಹಾಯಿಸಿ ಹೊರಪದರವನ್ನು ಗಡುಸು ಮಾಡುತ್ತಾರೆ, ಒಳಗಿನ ತಿರುಳು ಮೆದುವಾಗಿಯೇ ಉಳಿಯುತ್ತದೆ. ಆದ್ದರಿಂದಲೇ ಇದನ್ನು ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಬಾರದು. ಕಾಯಿಸಿದರೆ ಕೊಟ್ಟ ಗುಣವೇ ಹೋಯಿತು. ಕಂಬಿಯ ಮೇಲೆ 500 ಅಥವಾ 500 ಡಿ ಎಂದು ಮೂಡಿಸಿರುತ್ತದೆ. 500 ಎಂಬುದು ಬಲದ ಅಳತೆ, ‘ಡಿ’ ಎಂದರೆ ಮುರಿಯುವ ಮುನ್ನ ಹೆಚ್ಚು ಹಿಗ್ಗಬಲ್ಲದು: ಮಾಮೂಲಿನದು ಕನಿಷ್ಠ ಶೇಕಡ 12, ಡಿ ಶೇಕಡ 16. ಎರಡರ ತೂಕವೂ ಒಂದೇ. ನಕ್ಷೆಯಲ್ಲಿ ಯಾವುದನ್ನು ಬರೆದಿದ್ದಾರೋ ಅದನ್ನೇ ತನ್ನಿ. ಐ.ಎಸ್.ಐ. ಗುರುತಿನ ಜತೆಗಿರುವ ಪರವಾನಗಿ ಸಂಖ್ಯೆಯನ್ನು ಮೊಬೈಲಿನಲ್ಲಿ ಬಿ.ಐ.ಎಸ್. ಕೇರ್ ಆ್ಯಪ್‌ಗೆ ಹಾಕಿದರೆ ಅದು ನಿಜವೋ ಅಲ್ಲವೋ ತಿಳಿಯುತ್ತದೆ.

ದರ ಕೇಳುವಾಗ ತೆರಿಗೆ ಸೇರಿದೆಯೇ ಎಂದು ಕೇಳಲು ಮರೆಯಬೇಡಿ. 2025ರ ಸೆಪ್ಟೆಂಬರಿನಲ್ಲಿ ಸಿಮೆಂಟಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿಯಿತು. ಕಂಬಿಯದು ಮೊದಲಿನಂತೆ 18ರಲ್ಲೇ ಉಳಿಯಿತು. 60 ರೂಪಾಯಿಯ ಮೇಲೆ ಅದು ಕಿಲೋಗೆ 10 ರೂಪಾಯಿ 80 ಪೈಸೆ, ನಾಲ್ಕು ಟನ್ನಿಗೆ 43,200 ರೂಪಾಯಿ. ಇಬ್ಬರು ಅಂಗಡಿಯವರ ದರದಲ್ಲಿ ಕಾಣುವ ದೊಡ್ಡ ಅಂತರ ಎಷ್ಟೋ ಸಲ ಇಷ್ಟೇ ಆಗಿರುತ್ತದೆ. ಇದರ ಮೇಲೆ ಸಾಗಣೆ, ಇಳಿಸುವ ಕೂಲಿ, ಟನ್ನಿಗೆ ಸುಮಾರು 10 ಕಿಲೋ ಬೈಂಡಿಂಗ್ ವೈರ್, ಕಟಿಂಗ್ ನಷ್ಟಕ್ಕೆ ಶೇಕಡ 3ರಿಂದ 5 ಸೇರಿಸಿ. ಕಂಬಿ ಪಟ್ಟಿ ಇಲ್ಲದ ಮನೆಯಲ್ಲಿ ಈ ಕೊನೆಯ ಸಂಖ್ಯೆ ಎಷ್ಟಕ್ಕೆ ಏರುತ್ತದೆ ಎಂಬುದಕ್ಕೆ ಮೇಲಿನ ಕೋಣೆಯೇ ಸಾಕ್ಷಿ.

ಮೌಲ್ಡ್ ಹಾಕುವ ಹಿಂದಿನ ಸಂಜೆ ಬೆಳಕಿರುವಾಗಲೇ ಪಟ್ಟಿ ಮತ್ತು ಟೇಪು ಹಿಡಿದು ತಾರಸಿ ಹತ್ತಿ. ಹತ್ತು ಕಂಬಿಯ ನಡುವಿನ ಒಂಬತ್ತು ಸಂದನ್ನು ಒಟ್ಟಿಗೆ ಅಳೆಯಿರಿ. 15 ಸೆಂಟಿಮೀಟರಿನ ಲೆಕ್ಕಕ್ಕೆ 135 ಬರಬೇಕು. ಪಿಲ್ಲರಿನ ರಿಂಗುಗಳನ್ನು ಮೊದಲೇ, ಪಿಲ್ಲರಿಗೆ ಹಲಗೆ ಮುಚ್ಚುವ ಮುಂಚೆ ಎಣಿಸಿರಬೇಕು. ಸಜ್ಜಾದ ಕಂಬಿಯನ್ನು ಕೈಯಿಂದ ಅದುಮಿ ನೋಡಿ, ಕುಸಿದರೆ ಚೇರ್ ಸಾಲದು. ಎಲ್ಲ ಮೂಲೆಗಳ ಚಿತ್ರ ತೆಗೆದು ಇಂಜಿನಿಯರರಿಗೆ ಕಳಿಸಿ, ಅವರು ಸರಿ ಎಂದ ಮೇಲೆ ಜಲ್ಲಿ ಕಲೆಸುವವರಿಗೆ ಬೆಳಿಗ್ಗೆ ಬರಲು ಹೇಳಿ.